ಯಾರ ತಕ್ಕಡಿ, ಯಾರ ಮೈ?

ಕನ್ನಡದಲ್ಲಿ ಹೆಣ್ಣುಮಗಳೊಬ್ಬಳನ್ನು ಮೆಚ್ಚಿ 'ಮೈಕೈ ತುಂಬಿಕೊಂಡಿದ್ದಾಳೆ' ಅನ್ನುತ್ತಿದ್ದ ಕಾಲವೊಂದಿತ್ತು. ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟವಳ ಬಗ್ಗೆ, ಟೈಫಾಯ್ಡ್ ಬಿಟ್ಟು ಎದ್ದು ಕೂತವಳ ಬಗ್ಗೆ ಈ ಮಾತು ಬರುತ್ತಿತ್ತು. ನಮ್ಮ ಮನೆಗಳ ದಖನಿಯಲ್ಲಿ ಇದಕ್ಕೆ 'ಸೇಹತ್ ಬನ್ ಗಯೀ' ಅನ್ನುತ್ತಾರೆ. ಸೇಹತ್ ಎಂದರೆ ಆರೋಗ್ಯ. ಆದರೆ ಆಡುಮಾತಿನಲ್ಲಿ ಅದರ ಅರ್ಥ ತುಂಬಿದ ಕೆನ್ನೆ, ಬಳೆ ಬಿಗಿಯಾಗುವ ಮುಂಗೈ. ಸೊರಗುವುದು, ಬಡಕಲಾಗುವುದು, 'ಸೂಕ್ ಜಾನಾ' ಇವೆಲ್ಲ ಮರುಕದ ಮಾತುಗಳು. ಹಸಿವನ್ನು ಹತ್ತಿರದಿಂದ ಕಂಡ ಸಮಾಜ ಕಟ್ಟಿಕೊಂಡ ಭಾಷೆ ಇದು.

ಒಂದೇ ತಲೆಮಾರಿನೊಳಗೆ ಈ ಭಾಷೆ ತಲೆಕೆಳಗಾಗಿದೆ. ಮದುವೆ ಮನೆಯಲ್ಲಿ 'ಅಯ್ಯೋ, ಎಷ್ಟು ಇಳಿದುಹೋಗಿದೀಯ' ಎಂದರೆ ಈಗ ಹೊಗಳಿಕೆ. ಕೇಳಿಸಿಕೊಂಡವಳು ನಾಚಿ ನಗುತ್ತಾಳೆ. ಹಿಂದೆ ಇದೇ ಮಾತಿಗೆ ತಾಯಂದಿರು ಗಾಬರಿಯಾಗಿ ಡಾಕ್ಟರ ಹತ್ತಿರ ಓಡುತ್ತಿದ್ದರು. ಈ ಪಲ್ಲಟವನ್ನು ಬರೀ ಮಾರುಕಟ್ಟೆಯ ಕುತಂತ್ರ ಎಂದು ತಳ್ಳಿಹಾಕುವುದು ನಮ್ಮ ಪ್ರಗತಿಪರ ಬರಹಗಾರರಿಗೆ ಸುಲಭ. ಆದರೆ ಸಕ್ಕರೆ ಕಾಯಿಲೆ ನಮ್ಮ ಓಣಿಗಳ ಮನೆ ಮನೆಗೂ ಬಂದು ಕೂತಿರುವುದು ಮಾರುಕಟ್ಟೆಯ ಕಟ್ಟುಕತೆಯಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ದೇಶದಲ್ಲಿ ಸುಮಾರು 10.1 ಕೋಟಿ ಜನ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿತು. ಹೀಗಾಗಿ ತೂಕ ಇಳಿಸುವ ಬಗ್ಗೆ ಬಂದಿರುವ ಬರಹವನ್ನು ನಾವು ಗಂಭೀರವಾಗಿ, ಒಂದು ಸಾಹಿತ್ಯ ಪ್ರಕಾರವನ್ನು ಓದುವ ಹಾಗೆ ಓದಬೇಕಾಗಿದೆ. ಅದು ಯಾರನ್ನು ಉದ್ದೇಶಿಸಿ ಮಾತಾಡುತ್ತದೆ, ಯಾರನ್ನು ಕಾಣುವುದೇ ಇಲ್ಲ ಎಂದು ಕೇಳಬೇಕಾಗಿದೆ.

ಈ ಪ್ರಕಾರದಲ್ಲಿ ನಮ್ಮ ದೇಶದಲ್ಲಿ ಬಹಳ ಜನ ಓದಿದ ಪುಸ್ತಕ ರುಜುತಾ ದಿವೇಕರ್ ಅವರ 'ಡೋಂಟ್ ಲೂಸ್ ಯುವರ್ ಮೈಂಡ್, ಲೂಸ್ ಯುವರ್ ವೇಟ್'. ಅದು ಬಂದದ್ದು 2009ರಲ್ಲಿ. ಅದಕ್ಕೆ ಹಿಂದಿನ ವರ್ಷ 'ತಶನ್' ಚಿತ್ರದಲ್ಲಿ ಕರೀನಾ ಕಪೂರ್ ಕಡ್ಡಿಯಂತಾಗಿ ಕಾಣಿಸಿಕೊಂಡು 'ಸೈಜ್ ಜೀರೋ' ಎಂಬ ಪದ ನಮ್ಮ ಕಾಲೇಜು ಹುಡುಗಿಯರ ಬಾಯಿಗೂ ಬಂದಿತ್ತು. ಆ ನಟಿಯ ಆಹಾರ ಸಲಹೆಗಾರ್ತಿಯೇ ಪುಸ್ತಕದ ಲೇಖಕಿ. ಪುಸ್ತಕಕ್ಕೆ ನಟಿಯ ಮಾತುಗಳ ಬೆಂಬಲವೂ ಇತ್ತು. ಹೀಗೆ ಶುರುವಾದ ಪುಸ್ತಕ ಉಪವಾಸ ಬೀಳಿಸುವ ಇನ್ನೊಂದು ಕೈಪಿಡಿ ಎಂದು ಭಾವಿಸಿ ತೆರೆದವರಿಗೆ ಅಚ್ಚರಿ ಕಾದಿತ್ತು. ಅದು ಉಪವಾಸ ಬೀಳಿಸುವ ಡಯಟ್‌ಗಳ ವಿರುದ್ಧವೇ ಬರೆದ ಪುಸ್ತಕ. ಅನ್ನ ಬಿಡಬೇಡಿ, ತುಪ್ಪಕ್ಕೆ ಹೆದರಬೇಡಿ, ನಿಮ್ಮ ಸೀಮೆಯಲ್ಲಿ ಬೆಳೆಯುವುದನ್ನು ತಿನ್ನಿ, ಒಂದು ತಿಂಗಳಲ್ಲಿ ಹತ್ತು ಕಿಲೋ ಇಳಿಸುತ್ತೇವೆ ಅನ್ನುವವರನ್ನು ನಂಬಬೇಡಿ ಎಂದು ಲೇಖಕಿ ಹೇಳುತ್ತಾರೆ. ಆ ಕಾಲಕ್ಕೆ ಇದು ಧೈರ್ಯದ ಮಾತು. ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಸೌತೆಕಾಯಿ, ರಾತ್ರಿ ಸೂಪು ಎಂದು ನಮ್ಮ ಪತ್ರಿಕೆಗಳ ಪುರವಣಿಗಳು ಪಟ್ಟಿ ಕೊಡುತ್ತಿದ್ದ ದಿನಗಳವು. ಇಡ್ಲಿ, ಅವಲಕ್ಕಿ, ತುಪ್ಪ ಹಾಕಿದ ಬೇಳೆ ಅನ್ನಕ್ಕೆ ಮಾನ ತಂದುಕೊಟ್ಟ ಲೇಖಕಿಗೆ ಆ ಮಟ್ಟಿಗೆ ನಾವು ಋಣಿಗಳು. ನಗಿಸುತ್ತ, ಗದರಿಸುತ್ತ ಹೇಳುವ ಅವರ ಶೈಲಿಯೂ ಓದಿಸಿಕೊಂಡು ಹೋಗುತ್ತದೆ.

ತೊಡಕಿರುವುದು ಅದರ ಸೂತ್ರಗಳಲ್ಲಿ. ಎದ್ದ ಕೂಡಲೇ ಚಹಾ ಕಾಫಿ ಬೇಡ, ಮೊದಲು ಏನಾದರೂ ತಿನ್ನಿ. ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿ. ಹೆಚ್ಚು ದುಡಿಯುವ ಹೊತ್ತಿನಲ್ಲಿ ಹೆಚ್ಚು, ಸುಮ್ಮನಿರುವ ಹೊತ್ತಿನಲ್ಲಿ ಕಡಿಮೆ ತಿನ್ನಿ. ರಾತ್ರಿಯೂಟವನ್ನು ಮಲಗುವುದಕ್ಕೆ ಸಾಕಷ್ಟು ಮೊದಲೇ ಮುಗಿಸಿ. ಕೇಳುವುದಕ್ಕೆ ನಾಲ್ಕೂ ಸರಳ. ಈಗ ಇವನ್ನು ಒಂದು ಸಾಮಾನ್ಯ ಮನೆಯೊಳಗೆ ತಂದು ನೋಡೋಣ. ನಸುಕಿನಲ್ಲೆದ್ದು ಮಕ್ಕಳ ಡಬ್ಬಿ ಕಟ್ಟಿ, ಗಂಡನನ್ನು ಕೆಲಸಕ್ಕೆ ಕಳಿಸಿ, ಅತ್ತೆಯ ಮಾತ್ರೆ ಕೊಟ್ಟು, ಪಾತ್ರೆ ತೊಳೆದು, ಹತ್ತೂವರೆಗೆ ಅವಳು ಕೂರುತ್ತಾಳೆ. ತಟ್ಟೆಯಲ್ಲಿರುವುದು ಮಕ್ಕಳು ಬಿಟ್ಟ ಅರ್ಧ ದೋಸೆ, ನಿನ್ನೆಯ ಅನ್ನದ ಚಿತ್ರಾನ್ನ, ಜೊತೆಗೆ ಮೂರನೇ ಲೋಟ ಸಿಹಿ ಚಹಾ. ಚೆಲ್ಲಬಾರದೆಂದು ತಿನ್ನುವ ಊಟ ಅದು, ಅವಳಿಗೆಂದು ಮಾಡಿದ್ದಲ್ಲ. ರಾತ್ರಿ ಗಂಡ ಅಂಗಡಿ ಮುಚ್ಚಿ ಬರುವುದು ಹತ್ತು ಗಂಟೆಗೆ. ಅವನಿಗೆ ಬಡಿಸದೆ ತಾನುಣ್ಣುವುದು ಅನೇಕ ಮನೆಗಳಲ್ಲಿ ಇವತ್ತಿಗೂ ಸಲ್ಲದ ನಡತೆ. ಇವಳ ಹತ್ತಿರ ಹೋಗಿ 'ಮಲಗುವುದಕ್ಕೆ ಮೊದಲೇ ಊಟ ಮುಗಿಸಮ್ಮ' ಎಂದರೆ ಅವಳು ಕೇಳುವುದು ಒಂದೇ: 'ಇದನ್ನ ನಮ್ಮನೆಯವರಿಗೆ ಯಾರು ಹೇಳ್ತಾರೆ?'

ಪುಸ್ತಕದಲ್ಲಿ ಈ ಪ್ರಶ್ನೆಗೆ ಸಮರ್ಪಕ ಉತ್ತರವಿಲ್ಲ. ಅದರ ಓದುಗಳು ತನ್ನ ಊಟದ ಸಮಯವನ್ನು ತಾನೇ ಗೊತ್ತುಮಾಡಬಲ್ಲವಳು. ಅಡುಗೆಗೆ ಇನ್ನೊಬ್ಬರ ಕೈ ಇರುವವಳು. ಬೇರೆಯವರ ಮನೆಯಲ್ಲಿ ಅಡುಗೆ ಮಾಡಿ ಮಧ್ಯಾಹ್ನ ಮೂರಕ್ಕೆ ತನ್ನ ಮನೆ ಸೇರುವ ಆ ಇನ್ನೊಂದು ಕೈಯವಳಿಗೂ ಸಕ್ಕರೆ ಕಾಯಿಲೆ ಇದೆ ಎಂಬುದು ಈ ಪ್ರಕಾರದ ಬರಹಗಳಿಗೆ ಹೊಳೆಯುವುದಿಲ್ಲ. 2010ರಲ್ಲಿ ಇದೇ ಲೇಖಕಿ ಹೆಂಗಸರಿಗಾಗಿಯೇ 'ವಿಮೆನ್ ಅಂಡ್ ದಿ ವೇಟ್ ಲಾಸ್ ತಮಾಷಾ' ಬರೆದರು. ಹೆಣ್ಣಿನ ವಯಸ್ಸಿನ ಹಂತಗಳನ್ನು ಗಮನಿಸುವ ಆ ಪುಸ್ತಕ ನೆಲಕ್ಕೆ ಇನ್ನಷ್ಟು ಹತ್ತಿರ ಬಂತು. ಆದರೂ ಸಲಹೆಯ ಹೊರೆ ಅವಳೊಬ್ಬಳ ತಲೆಯ ಮೇಲೆಯೇ ಉಳಿಯಿತು.

ಎರಡು ಗಂಟೆಗೊಮ್ಮೆ ತಿಂದರೆ ಮೈಯ ಒಲೆ ಉರಿಯುತ್ತಲೇ ಇರುತ್ತದೆ ಎಂಬ ವಾದವೂ ನಿಲ್ಲುವುದಿಲ್ಲ. ತಿನ್ನುವ ಒಟ್ಟು ಪ್ರಮಾಣ ಅಷ್ಟೇ ಇದ್ದರೆ ಅದನ್ನು ಮೂರು ಸಲ ತಿಂದರೂ ಆರು ಸಲ ತಿಂದರೂ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗುವುದಿಲ್ಲ. ತಮಾಷೆಯೆಂದರೆ ಹತ್ತು ವರ್ಷ ಕಳೆಯುವಷ್ಟರಲ್ಲಿ ಗಾಳಿ ತಿರುಗಿ, ದಿನಕ್ಕೆ ಹದಿನಾರು ಗಂಟೆ ಏನೂ ತಿನ್ನಬೇಡಿ ಎಂಬ ಉಪದೇಶ ಬಂತು. ಹಿಂದಿನದನ್ನು ನಂಬಿದವರೇ ಇದನ್ನೂ ನಂಬಿದರು. 2022ರಲ್ಲಿ ಚೀನಾದ ಗುವಾಂಗ್‌ಜೌನ ವೈದ್ಯರು 139 ಜನರನ್ನು ಎರಡು ಗುಂಪು ಮಾಡಿ ಒಂದು ವರ್ಷ ನೋಡಿದರು. ಎರಡೂ ಗುಂಪಿಗೆ ಒಂದೇ ಪ್ರಮಾಣದ ಕಡಿಮೆ ಆಹಾರ. ಒಂದು ಗುಂಪು ಮಾತ್ರ ಅದನ್ನು ಎಂಟು ಗಂಟೆಯೊಳಗೆ ತಿಂದು ಮುಗಿಸಬೇಕು. ತೂಕ ಎರಡೂ ಕಡೆ ಇಳಿಯಿತು. ಗಡಿಯಾರದಿಂದ ವಿಶೇಷ ಲಾಭವೇನೂ ಕಾಣಲಿಲ್ಲ.

ನಮ್ಮಲ್ಲಿ ಕೆಲವರು ಈ ಹೊಸ ಗಾಳಿ ಕಂಡು, ರಂಜಾನಿನ ರೋಜಾ ಇದನ್ನೇ ಹೇಳುತ್ತಿತ್ತು ನೋಡಿ ಎಂದು ಹಿಗ್ಗಿದರು. ಇಬಾದತ್ತನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುವ ಈ ಹುಮ್ಮಸ್ಸು ನನಗೆ ಹಿಡಿಸುವುದಿಲ್ಲ. ಲೆಕ್ಕವೂ ಅದನ್ನು ಬೆಂಬಲಿಸುವುದಿಲ್ಲ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಆ ತಿಂಗಳಲ್ಲಿ ಸರಾಸರಿ ಇಳಿಯುವುದು ಒಂದು ಕಿಲೋದ ಆಚೀಚೆ. ಅದರಲ್ಲಿ ಹೆಚ್ಚಿನದು ಈದ್ ಕಳೆದ ಕೆಲವೇ ವಾರಗಳಲ್ಲಿ ವಾಪಸ್ಸು ಬರುತ್ತದೆ. ಇಫ್ತಾರಿನ ಸಮೋಸ, ಶರಬತ್ತು, ಸಹರಿಯ ಪರೋಟ ಗೊತ್ತಿರುವ ಯಾರಿಗೂ ಇದು ಹೊಸ ಸುದ್ದಿಯಲ್ಲ. ಇನ್ಸುಲಿನ್ ಮತ್ತು ಕೆಲವು ಬಗೆಯ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬಿಡುವುದು ಅಪಾಯ ಎಂಬುದನ್ನಾದರೂ ಈ ಉತ್ಸಾಹಿಗಳು ಜೊತೆಗೆ ಹೇಳಬೇಕಿತ್ತು.

ಇನ್ನು ಅಜ್ಜಿಯ ವಿಷಯ. ದಿವೇಕರ್ ಅವರಲ್ಲಿ ಮಾತ್ರವಲ್ಲ, ಅವರ ನಂತರ ಬಂದ ಕನ್ನಡ ಅಂಕಣಗಳಲ್ಲೂ ಒಬ್ಬ ಅಜ್ಜಿ ಇರುತ್ತಾಳೆ. ಅವಳ ಅಡುಗೆಮನೆಯಲ್ಲಿ ತುಪ್ಪದ ಭರಣಿ, ಕಡೆದಿಟ್ಟ ಮಜ್ಜಿಗೆ, ಹಿತ್ತಲಿನ ಸೊಪ್ಪು. ಅವಳು ತಿಂದದ್ದನ್ನೇ ನಾವೂ ತಿಂದರೆ ಸಾಕು ಎಂಬುದು ಇಂಗಿತ. ನನ್ನ ಅಜ್ಜಿಯ ಮನೆಯಲ್ಲಿ ತುಪ್ಪ ಬರುತ್ತಿದ್ದುದು ಈದ್‌ಗೆ ಮತ್ತು ಬಾಣಂತಿಗೆ. ಉಳಿದ ದಿನ ಜೋಳದ ರೊಟ್ಟಿ, ಖಾರ, ಇದ್ದರೆ ಬೇಳೆ. ಬಾವಿಯಿಂದ ನೀರು ಸೇದಿ, ಒರಳಲ್ಲಿ ರುಬ್ಬಿ, ಸೌದೆ ಹೊತ್ತು ಬದುಕಿದ ಮೈ ಅದು. ಆ ಊಟವನ್ನು ಆ ದುಡಿಮೆಯಿಂದ ಬಿಡಿಸಿ, ಲಿಫ್ಟ್ ಇರುವ ಕಟ್ಟಡದ ಮೂರನೇ ಮಹಡಿಗೆ ತಂದಿಟ್ಟು 'ಪರಂಪರೆ' ಎಂದು ಕರೆಯುವುದರಲ್ಲಿ ಮೋಸವಿದೆ. ಅಜ್ಜಿ ತೆಳ್ಳಗಿದ್ದುದು ಜ್ಞಾನದಿಂದ ಮಾತ್ರವಲ್ಲ, ಬಡತನದಿಂದಲೂ. ಇದೇ ಅಂಕಣಗಳ ಪ್ರೋಟೀನ್ ಪಟ್ಟಿಯಲ್ಲಿ ಪನೀರ್ ಇರುತ್ತದೆ, ಬಾದಾಮಿ ಇರುತ್ತದೆ. ಬಡ ಮುಸ್ಲಿಮರು ದಲಿತರು ಕಡಿಮೆ ಬೆಲೆಗೆ ಪಡೆಯುತ್ತಿದ್ದ ದನದ ಮಾಂಸ ಇರುವುದಿಲ್ಲ. ಕರ್ನಾಟಕದಲ್ಲಿ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ 2021ರಲ್ಲಿ ಜಾರಿಯಾದ ಮೇಲಂತೂ ಆ ಮಾತು ಎತ್ತುವುದೇ ಕಷ್ಟವಾಗಿದೆ. 'ಸ್ಥಳೀಯ ಆಹಾರ' ಎಂಬ ಪದ ಯಾವ ಸ್ಥಳದ, ಯಾವ ಕೇರಿಯ ಆಹಾರ ಎಂದು ಹೇಳದೆ ಜಾರಿಕೊಳ್ಳುತ್ತದೆ.

'ನಿಮ್ಮ ಮೈಗೆ ಹೊಂದುವಂತೆ ತೂಕ ಇಳಿಸಿ' ಎಂಬ ಮಾತನ್ನು ಈಗ ಎಲ್ಲರೂ ಬಳಸುತ್ತಾರೆ. ಆದರೆ ಮೈಯನ್ನು ಅಳೆಯುವ ಅಳತೆಯೇ ಬೇರೆಯವರ ಮೈಯಿಂದ ಬಂದಿದೆ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಲೆಕ್ಕವನ್ನು 1830ರ ದಶಕದಲ್ಲಿ ಕೊಟ್ಟವನು ಬೆಲ್ಜಿಯಂನ ಖಗೋಳಶಾಸ್ತ್ರಜ್ಞ ಅಡಾಲ್ಫ್ ಕ್ವೆಟ್ಲೆ. ಅವನಿಗೆ ರೋಗದ ಚಿಂತೆ ಇರಲಿಲ್ಲ. 'ಸರಾಸರಿ ಮನುಷ್ಯ' ಹೇಗಿರುತ್ತಾನೆ ಎಂಬ ಕುತೂಹಲವಿತ್ತು. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಅದಕ್ಕೆ ಬಿಎಂಐ ಎಂಬ ಹೆಸರು ಕೊಟ್ಟರು. ಅದಕ್ಕಾಗಿ ಅವರು ಅಳೆದದ್ದು ಐದು ದೇಶಗಳ 7,424 ಜನರನ್ನು. ಎಲ್ಲರೂ ಗಂಡಸರು. ಭಾರತದವರು ಅದರಲ್ಲಿರಲಿಲ್ಲ.

ಇದರ ಮಿತಿಯನ್ನು ಚೆಂದವಾಗಿ ತೋರಿಸಿದವರು ಪುಣೆಯ ವೈದ್ಯ ಸಿ.ಎಸ್. ಯಾಜ್ಞಿಕ್. 2004ರಲ್ಲಿ ಅವರು ಮತ್ತು ಲಂಡನ್ನಿನ ಅವರ ಗೆಳೆಯ ಜಾನ್ ಯುಡ್ಕಿನ್ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೋವನ್ನೇ ಅಚ್ಚುಹಾಕಿಸಿದರು. ಇಬ್ಬರ ಬಿಎಂಐಯೂ 22.3. ಆದರೆ ಮೈಯೊಳಗಿನ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕರಲ್ಲಿ ಶೇ. 21.2. ನೋಡುವುದಕ್ಕೆ ತೆಳ್ಳಗೆ, ಒಳಗೆ ದಪ್ಪ. ನಮ್ಮ ಕೂಸುಗಳು ಹುಟ್ಟುವಾಗಲೇ ಹೀಗಿರುತ್ತವೆ, ತೂಕ ಕಡಿಮೆ, ಸ್ನಾಯು ಕಡಿಮೆ, ಕೊಬ್ಬು ಮಾತ್ರ ಅಷ್ಟು ಕಡಿಮೆಯಲ್ಲ ಎಂಬುದು ಪುಣೆಯ ಸಂಶೋಧನೆಯ ಸಾರ. ಈ ಕತೆಗೆ ಮೈಸೂರಿನದೊಂದು ಅಧ್ಯಾಯವಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಯಾರೋ ದಾದಿಯರು ಶ್ರದ್ಧೆಯಿಂದ ಬರೆದಿಟ್ಟಿದ್ದರು. ದಶಕಗಳ ಮೇಲೆ ಸಂಶೋಧಕರು ಆ ಪುಸ್ತಕಗಳನ್ನು ಹಿಡಿದು, ನಡುವಯಸ್ಸು ಮುಟ್ಟಿದ್ದ ಆ ಕೂಸುಗಳನ್ನು ಮೈಸೂರಿನ ಬೀದಿಗಳಲ್ಲಿ ಹುಡುಕಿದರು. 517 ಜನರನ್ನು ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಹುಟ್ಟುವಾಗ ಚಿಕ್ಕದಾಗಿದ್ದವರಲ್ಲೇ ಹೃದಯದ ಕಾಯಿಲೆ ಹೆಚ್ಚು. ಕತೆ ಬರೆಯುವ ನನಗೆ ಇದು ಯಾವ ಕಾದಂಬರಿಗೂ ಕಡಿಮೆಯಲ್ಲ ಅನ್ನಿಸುತ್ತದೆ. ಐವತ್ತರ ಹೃದಯದ ಕತೆ ಹೆರಿಗೆ ಕೋಣೆಯಲ್ಲಿ, ಅದಕ್ಕೂ ಮೊದಲು ಹೊಟ್ಟೆ ತುಂಬ ಉಣ್ಣದ ಬಸುರಿಯ ತಟ್ಟೆಯಲ್ಲಿ ಶುರುವಾಗಿರುತ್ತದೆ.

ಅಂದಮೇಲೆ ಸ್ಥೂಲಕಾಯವನ್ನು ತಿಂಡಿಪೋತತನವೆಂದು ಹಂಗಿಸುವ ನಮ್ಮ ಸಿನಿಮಾ ಹಾಸ್ಯಕ್ಕೆ ಅರ್ಥವಿಲ್ಲ. ಪರದೇಶದವರಿಗೆ 25 ದಾಟಿದರೆ ಹೆಚ್ಚು ತೂಕ ಎನ್ನುವ ಬಿಎಂಐ, ನಮಗೆ 23ಕ್ಕೇ ಎಚ್ಚರಿಸುತ್ತದೆ. ಅದಕ್ಕಿಂತ ಒಳ್ಳೆಯ ಅಳತೆ ಓಣಿಯ ಟೈಲರನ ಕೊರಳಲ್ಲಿ ನೇತಾಡುವ ಟೇಪು. ನಮ್ಮ ಜನರಲ್ಲಿ ಹೊಟ್ಟೆಯ ಸುತ್ತಳತೆ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಸೆಂಟಿಮೀಟರ್ ಮುಟ್ಟಿದರೆ ಸಕ್ಕರೆ, ರಕ್ತದೊತ್ತಡ ನೋಡಿಸಿಕೊಳ್ಳಬೇಕು. ಅಂದರೆ ಸುಮಾರು ಮೂವತ್ತೊಂದೂವರೆ ಇಂಚು, ಮೂವತ್ತೈದೂವರೆ ಇಂಚು. ಕಾಲು ಕೈ ಕಡ್ಡಿಯಾಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದ ಗಂಡಸರು 'ನನಗೇನು, ನಾನು ದಪ್ಪ ಇಲ್ಲ' ಅನ್ನುವುದನ್ನು ಟೇಪು ಒಪ್ಪುವುದಿಲ್ಲ.

ಅವಸರದಲ್ಲಿ ಇಳಿಸಿದ ತೂಕ ಯಾಕೆ ನಿಲ್ಲುವುದಿಲ್ಲ ಎಂಬುದಕ್ಕೂ ಕೀಸ್ ಅವರ ಹಳೆಯ ಪ್ರಯೋಗವೊಂದು ದಾರಿ ತೋರಿಸುತ್ತದೆ. ಎರಡನೇ ಮಹಾಯುದ್ಧದ ಕೊನೆಗೆ, 1944-45ರಲ್ಲಿ, ಮಿನೆಸೋಟದಲ್ಲಿ 36 ಆರೋಗ್ಯವಂತ ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟರು. ಅವರ ತೂಕ ಹೆಚ್ಚುಕಡಿಮೆ ಕಾಲುಭಾಗ ಇಳಿಯಿತು. ಜೊತೆಗೆ ಅವರು ಮಂಕಾದರು, ಸಿಡುಕಿದರು, ಊಟದ ಕನಸು ಕಂಡರು. ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು. ಹಸಿವು ನಾಲಗೆಯ ದೌರ್ಬಲ್ಯವಲ್ಲ, ಇಡೀ ಮೈಯ ಪ್ರತಿಭಟನೆ ಎಂಬುದು ಅಲ್ಲಿ ಕಂಡಿತು. ಇತ್ತೀಚಿನ ಸಾಕ್ಷಿ ಅಮೆರಿಕದ 'ದಿ ಬಿಗ್ಗೆಸ್ಟ್ ಲೂಸರ್' ಎಂಬ ಟಿವಿ ಪಂದ್ಯದ್ದು. ಅದರಲ್ಲಿ ಭಾಗವಹಿಸಿದ್ದ 14 ಜನರನ್ನು ಆರು ವರ್ಷ ಬಿಟ್ಟು ಪರೀಕ್ಷಿಸಿದ ವರದಿ 2016ರಲ್ಲಿ ಬಂತು. ಸರಾಸರಿ 58 ಕಿಲೋ ಇಳಿಸಿದ್ದವರಿಗೆ 41 ಕಿಲೋ ವಾಪಸ್ಸು ಬಂದಿತ್ತು. ಅಷ್ಟೇ ಅಲ್ಲ, ಸುಮ್ಮನೆ ಕೂತಾಗ ಅವರ ಮೈ ಸುಡುವ ಶಕ್ತಿ ದಿನಕ್ಕೆ ಸುಮಾರು 500 ಕ್ಯಾಲೊರಿಯಷ್ಟು, ಇರಬೇಕಾದ್ದಕ್ಕಿಂತ ಕೆಳಗೇ ಉಳಿದುಬಿಟ್ಟಿತ್ತು. ಟಿವಿಯಲ್ಲಿ ಚಪ್ಪಾಳೆ ತಟ್ಟಿದವರಾರೂ ಇದನ್ನು ನೋಡಲು ಉಳಿದಿರಲಿಲ್ಲ.

ಹಾಗಾದರೆ ಏನು ಮಾಡಬೇಕು ಎಂಬ ಪ್ರಶ್ನೆಗೆ ನನಗೆ ಬಹಳ ಭರವಸೆ ಕೊಟ್ಟದ್ದು ಚೆನ್ನೈನ ಎ. ರಾಮಚಂದ್ರನ್ ಮತ್ತು ಸಂಗಡಿಗರ 2006ರ ಅಧ್ಯಯನ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರಲ್ಲಿ ಒಂದು ಗುಂಪಿಗೆ ನಡೆಯಲು, ಊಟ ತಿದ್ದಿಕೊಳ್ಳಲು ಹೇಳಿ ಮೂರು ವರ್ಷ ಬೆನ್ನುಬಿಡದೆ ಮಾತಾಡಿಸುತ್ತ ಬಂದರು. ಏನೂ ಸಲಹೆಯಿಲ್ಲದವರಲ್ಲಿ ಶೇ. 55 ಜನ ಮಧುಮೇಹಿಗಳಾದರೆ, ಈ ಗುಂಪಿನಲ್ಲಿ ಶೇ. 39. ವಿಶೇಷವೆಂದರೆ ಇವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ತಕ್ಕಡಿಯ ಮುಳ್ಳು ಅಲ್ಲಾಡದಿದ್ದರೂ ಒಳಗೆ ಮೈ ಸುಧಾರಿಸುತ್ತಿತ್ತು! ತಿಂಗಳು ನಡೆದು ಮುಳ್ಳು ನೋಡಿ ನಿರಾಶರಾಗಿ ಬಿಟ್ಟುಬಿಡುವ ಸಾವಿರಾರು ಜನರಿಗೆ ಇದನ್ನು ಯಾರೂ ಹೇಳಿಲ್ಲ. ಹಾಗೆಂದು ತೂಕ ಇಳಿಸುವುದು ವ್ಯರ್ಥವಲ್ಲ. ಹೆಚ್ಚು ತೂಕದವರು ಇದ್ದುದರಲ್ಲಿ ನೂರಕ್ಕೆ ಐದರಿಂದ ಏಳು ಭಾಗವನ್ನು, ವಾರಕ್ಕೆ ಅರ್ಧ ಕಿಲೋ ಮೀರದಂತೆ ಇಳಿಸಿ ನಿಲ್ಲಿಸಿಕೊಂಡರೂ ಸಾಕಷ್ಟು ಲಾಭವಿದೆ. ಎಂಬತ್ತು ಕಿಲೋದವಳಿಗೆ ಅದು ನಾಲ್ಕೈದು ಕಿಲೋ. ಕರೀನಾ ಆಗಬೇಕಾಗಿಲ್ಲ.

ಅಡುಗೆಮನೆಯಲ್ಲಿ ಇದರ ಅರ್ಥವೇನು? ಅನ್ನ ಬಿಟ್ಟು ಮುದ್ದೆ ತಿಂದರೆ ಮುಗಿಯಿತು ಎಂಬ ನಂಬಿಕೆ ನಮ್ಮ ನಾಡಿನಲ್ಲಿ ಗಟ್ಟಿ. 2025ರಲ್ಲಿ ಪ್ರಕಟವಾದ ಅದೇ ಸಂಶೋಧನಾ ಮಂಡಳಿಯ ಇನ್ನೊಂದು ಅಧ್ಯಯನ ಇದನ್ನು ಮುರಿಯುತ್ತದೆ. ಭಾರತೀಯರ ಊಟದ ಶಕ್ತಿಯಲ್ಲಿ ಶೇ. 62 ಭಾಗ ಬರುವುದು ಅನ್ನ, ಹಿಟ್ಟು, ಸಕ್ಕರೆಯಂಥ ಪಿಷ್ಟದಿಂದ. ಪಾಲಿಶ್ ಅಕ್ಕಿಯ ಜಾಗಕ್ಕೆ ಅಷ್ಟೇ ಪ್ರಮಾಣದ ಗೋಧಿ ಹಿಟ್ಟೋ ಸಿರಿಧಾನ್ಯದ ಹಿಟ್ಟೋ ಬಂದರೆ ಅಪಾಯ ಕಡಿಮೆಯಾಗುವುದು ಕಾಣಲಿಲ್ಲ. ಅದರಲ್ಲಿ ಒಂದು ಪಾಲು ತೆಗೆದು ಕಾಳು, ಮೊಸರು, ಮೊಟ್ಟೆ, ಮೀನಿಗೆ ಜಾಗ ಬಿಟ್ಟಾಗ ಕಂಡಿತು. ಎರಡು ಮುದ್ದೆ ಉಣ್ಣುವವರು ಒಂದೂವರೆಗೆ ಇಳಿದು ಸಾರಿನಲ್ಲಿ ಹುರುಳಿಯನ್ನೋ ಅವರೆಯನ್ನೋ ಗಟ್ಟಿ ಮಾಡಿಕೊಂಡರೆ ಅದು ಶುರುವಾತು. ಬಿರಿಯಾನಿಯಲ್ಲಿ ಅನ್ನ ಕಡಿಮೆ, ಮಾಂಸ ಅಷ್ಟೇ, ಪಕ್ಕದ ಸೌತೆ-ಈರುಳ್ಳಿಯ ರಾಯ್ತ ಹೆಚ್ಚು. ದಿನದ ಐದು ಲೋಟ ಚಹಾದ ಸಕ್ಕರೆಯನ್ನು ಅರ್ಧ ಮಾಡುವುದು ಇದೆಲ್ಲಕ್ಕಿಂತ ಸುಲಭ. ನೆಂಟರ ಮನೆಯಲ್ಲಿ 'ಸಕ್ಕರೆ ಬೇಡ' ಅನ್ನುವುದು ಮಾತ್ರ ಎಲ್ಲಕ್ಕಿಂತ ಕಷ್ಟ. ಮನೆಯವರೆಲ್ಲರ ತಟ್ಟೆ ಬದಲಾಗದೆ ಅವಳೊಬ್ಬಳ ತಟ್ಟೆ ಬದಲಾಗುವುದಿಲ್ಲ. ತನಗೊಂದು, ಉಳಿದವರಿಗೊಂದು ಅಡುಗೆ ಮಾಡಿಕೊಳ್ಳುವ ಶಕ್ತಿ ಇದ್ದಿದ್ದರೆ ಅವಳು ಸುಸ್ತು ಎಂದು ಆಸ್ಪತ್ರೆಗೆ ಹೋಗುತ್ತಲೇ ಇರಲಿಲ್ಲ.

ನಡೆಯುವುದೂ ಹಾಗೆಯೇ. 'ದಿನಾ ಅರ್ಧ ಗಂಟೆ ವಾಕಿಂಗ್' ಎಂದು ಬರೆಯುವ ಅಂಕಣಕಾರರು ಎಲ್ಲಿ ಎಂದು ಬರೆಯುವುದಿಲ್ಲ. ಪಾರ್ಕಿರುವುದು ಬಡಾವಣೆಗಳಲ್ಲಿ. ನಮ್ಮ ಓಣಿಗಳಲ್ಲಿ ಚರಂಡಿ, ಬೈಕು, ನಾಯಿ, ಕಟ್ಟೆಯ ಮೇಲಿನ ಹುಡುಗರು. ಇತ್ತೀಚೆಗೆ ಸಣ್ಣ ಊರುಗಳ ಶಾಲಾ ಮೈದಾನಗಳಲ್ಲಿ ಬೆಳಗಿನ ಜಾವ ಬುರ್ಖಾ ಮತ್ತು ಕ್ಯಾನ್ವಾಸ್ ಶೂ ತೊಟ್ಟು ನಾಲ್ಕೈದು ಹೆಂಗಸರು ಒಟ್ಟಾಗಿ ಬಿರುಸಾಗಿ ನಡೆಯುವುದನ್ನು ಕಾಣುತ್ತೇವೆ. ಡಾಕ್ಟರ ಚೀಟಿ ಹಿಡಿದು ಗಂಡಂದಿರ ಒಪ್ಪಿಗೆ ಪಡೆದು ಬಂದವರು ಅವರು. ಸಕ್ಕರೆ ಎಷ್ಟಿದೆ ಎಂಬುದರಿಂದ ಶುರುವಾಗುವ ಅವರ ಮಾತು ಎರಡನೇ ಸುತ್ತಿಗೆ ಮಗಳ ಕಾಲೇಜು, ನಾದಿನಿಯ ತಕರಾರು, ಚೀಟಿ ಹಣಕ್ಕೆ ಬಂದಿರುತ್ತದೆ. ಮೂರು ವರ್ಷ ಬಿಡದೆ ನಡೆಸುವುದು ಆ ಮಾತುಗಳೇ ಇರಬೇಕು.

ಈಗ ಇದೆಲ್ಲ ಯಾಕೆ, ಸೂಜಿ ಬಂದಿದೆಯಲ್ಲ ಎನ್ನುವವರಿದ್ದಾರೆ. ಹಸಿವನ್ನು ಅಡಗಿಸುವ ಮೌಂಜಾರೊ ಮತ್ತು ವೆಗೋವಿ ಚುಚ್ಚುಮದ್ದುಗಳು 2025ರಲ್ಲಿ ಭಾರತಕ್ಕೆ ಬಂದವು. ಬಂದ ಹೊಸತರಲ್ಲಿ ತಿಂಗಳಿಗೆ 14,000 ರೂಪಾಯಿಯ ಮೇಲೆಯೇ ಖರ್ಚು. ಅವು ಕೆಲಸ ಮಾಡುತ್ತವೆ, ಕೆಲವರಿಗೆ ನಿಜಕ್ಕೂ ಬೇಕು; ಅವನ್ನು ನೈತಿಕ ಪತನವೆಂದು ಬಯ್ಯುವುದು ತಪ್ಪು. ಆದರೆ ವೆಗೋವಿಯಲ್ಲಿರುವ ಸೆಮಾಗ್ಲುಟೈಡನ್ನು ನಿಲ್ಲಿಸಿ ವರ್ಷ ಕಳೆಯುವಷ್ಟರಲ್ಲಿ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿ ಬಂದದ್ದು 2022ರ ವರದಿಯಲ್ಲಿ ದಾಖಲಾಗಿದೆ. ಸೂಜಿಯ ಜೊತೆಗೂ ಕಾಳು ಬೇಕು, ನಡೆಯಲು ಜಾಗ ಬೇಕು, ಹತ್ತು ಗಂಟೆಗಿಂತ ಮೊದಲು ಉಣ್ಣುವ ಸ್ವಾತಂತ್ರ್ಯ ಬೇಕು.

ದಿವೇಕರ್ ಅವರ ಪುಸ್ತಕದ ನಂತರ ಕನ್ನಡದ ಪುಸ್ತಕದಂಗಡಿಗಳಲ್ಲಿ ತೂಕ ಇಳಿಸುವ ಪುಸ್ತಕಗಳಿಗೆ ಒಂದು ಕಪಾಟೇ ಮೀಸಲಾಗಿದೆ. ಅವುಗಳಲ್ಲಿ ನಾನು ತಿರುವಿ ಹಾಕಿದವೆಲ್ಲ ಹೆಂಗಸರನ್ನು ಉದ್ದೇಶಿಸಿಯೇ ಮಾತಾಡುತ್ತವೆ. ರಾತ್ರಿ ಹತ್ತಕ್ಕೆ ಅಂಗಡಿ ಮುಚ್ಚಿ ಬರುವವನಿಗೆ, 'ನೀವು ಬಡಿಸಿಕೊಂಡು ಉಣ್ಣಿ, ಅವರು ಎಂಟಕ್ಕೇ ಉಣ್ಣಲಿ' ಎಂದು ಹೇಳುವ ಒಂದು ಪುಟವೂ ಅವುಗಳಲ್ಲಿ ಸಿಗಲಿಲ್ಲ.